ಐದೂವರೆ ಬಸ್ಸು ಹಂಗೇರಿಗೆ ಹೋದದ್ದು

ನಿಟ್ಟುವಳ್ಳಿ

ಮದುವೆಯಲ್ಲಿ ಅಳದ ಹೆಣ್ಣನ್ನು ಅಳಿಸುವುದು ನನ್ನ ಕಸುಬು. ತಪ್ಪು ತಿಳಿಯಬೇಡಿ. ದಾವಣಗೆರೆಯ ನಿಟ್ಟುವಳ್ಳಿಯಲ್ಲಿ ನನ್ನದೊಂದು ವಿಡಿಯೋ ಸ್ಟುಡಿಯೋ ಇದೆ. ಮದುವೆ, ಗೃಹಪ್ರವೇಶ, ನಾಮಕರಣ ತೆಗೆಯುತ್ತ ಇಪ್ಪತ್ತು ವರ್ಷ ದಾಟಿತು. ಈಗಿನ ಮದುಮಗಳು ಗಂಡನ ಮನೆಗೆ ಹೊರಡುವಾಗ ಅಳುವುದಿಲ್ಲ, ಕಾರಿನಲ್ಲಿ ಎ.ಸಿ. ಹಾಕಿದ್ದಾರೋ ಇಲ್ಲವೋ ನೋಡುತ್ತಾಳೆ. ಆದರೆ ವಿಡಿಯೋದಲ್ಲಿ ಅಳು ಇಲ್ಲದಿದ್ದರೆ ಹಿರಿಯರು ಒಪ್ಪುವುದಿಲ್ಲ. ಆಗ ನಾನು ಆಕೆ ಬೆಳಗಿನ ಜಾವ ಆಕಳಿಸಿ ಕಣ್ಣೊರೆಸಿಕೊಂಡದ್ದನ್ನು ಹುಡುಕಿ ತೆಗೆಯುತ್ತೇನೆ. ಅಪ್ಪ ಸೆಖೆಗೆ ಮುಖ ಒರೆಸಿಕೊಂಡದ್ದರ ಪಕ್ಕಕ್ಕೆ ಅದನ್ನು ಅಂಟಿಸಿ, ತುಸು ನಿಧಾನ ಮಾಡಿ, ಶಹನಾಯಿ ಬಿಡುತ್ತೇನೆ. ನೋಡಿದವರೆಲ್ಲ ಅಳುತ್ತಾರೆ. ಒಮ್ಮೆ ಮದುಮಗಳೇ ಅತ್ತು, "ಅಣ್ಣಾ, ನಾನು ಅಷ್ಟೊಂದು ಅತ್ತಿದ್ದೆ ಅಂತ ನಂಗೇ ಗೊತ್ತಿರಲಿಲ್ಲ" ಅಂದಳು.

ಇಂಥ ಕೈಚಳಕ ಇರುವವನಿಗೆ ಒಂದಲ್ಲ ಒಂದು ದಿನ ತಾನು ಕಲಾವಿದ ಅನ್ನಿಸಿಯೇ ಅನ್ನಿಸುತ್ತದೆ. ನನಗೆ ನಲವತ್ತಾರನೇ ವಯಸ್ಸಿನಲ್ಲಿ ಅನ್ನಿಸಿತು. ವಿಸಿಟಿಂಗ್ ಕಾರ್ಡಿನಲ್ಲಿ 'ವಿಡಿಯೋಗ್ರಾಫರ್' ತೆಗೆಸಿ 'ಚಲನಚಿತ್ರ ನಿರ್ದೇಶಕರು' ಎಂದು ಹಾಕಿಸಿದೆ. ಆಮೇಲೆ ಚಿತ್ರ ತೆಗೆಯಬೇಕಾಯಿತು. ಮೊಬೈಲಿನಲ್ಲಿ ಜಗತ್ತಿನ ಕಿರುಚಿತ್ರಗಳನ್ನೆಲ್ಲ ನೋಡುತ್ತ ಕೂತೆ. ನೋಡಿ ನೋಡಿ ಒಂದು ಸಂಗತಿ ಕಂಡುಕೊಂಡೆ: ನಮ್ಮ ಕಡೆಯ ಮುದುಕಿಯೊಬ್ಬಳು ಯಾರಿಗೋ ಕಾಯುತ್ತ ಕೂತಿದ್ದರೆ ದೂರದೇಶದವರು ಬಹಳ ಮೆಚ್ಚುತ್ತಾರೆ.

ಮುದುಕಿ ನಮ್ಮ ಮನೆತನದಲ್ಲೇ ಇದ್ದಳು.

ಭಾನುವಳ್ಳಿ

ಹಾಲಮ್ಮ ನನ್ನ ಸೋದರತ್ತೆ, ಅಪ್ಪನ ಕೊನೆಯ ತಂಗಿ. ಹರಿಹರ ತಾಲೂಕಿನ ಭಾನುವಳ್ಳಿಯ ಬಸ್‌ಸ್ಟ್ಯಾಂಡ್ ಎದುರು ಅವಳದು ಮಿರ್ಚಿ-ಮಂಡಕ್ಕಿ ಅಂಗಡಿ. ವಯಸ್ಸು ಅರವತ್ತಾರೋ ಅರವತ್ತೆಂಟೋ. ಆಧಾರ್ ಕಾರ್ಡು ಎಪ್ಪತ್ತೊಂದು ಎನ್ನುತ್ತದೆ, ಅದನ್ನು ಅವಳು ಈವರೆಗೂ ಒಪ್ಪಿಲ್ಲ. ಮಗ ಮಂಜಪ್ಪ, ಸೊಸೆ, ಇಬ್ಬರು ಮೊಮ್ಮಕ್ಕಳು ಅದೇ ಮನೆಯಲ್ಲಿದ್ದಾರೆ. ಮಂಜ ಬೆಳಿಗ್ಗೆ ಗದ್ದೆ ಕಡೆ ಹೋಗಿ ಬಂದು ಸಂಜೆ ಅಂಗಡಿಯಲ್ಲಿ ಎಣ್ಣೆ ಬಾಣಲೆ ಮುಂದೆ ನಿಲ್ಲುತ್ತಾನೆ. ಪಕ್ಕದಲ್ಲಿ ಅತ್ತೆ ಈರುಳ್ಳಿ ಹೆಚ್ಚುತ್ತಾಳೆ, ಮಗನನ್ನು ಬೈಯುತ್ತಾಳೆ. ಎರಡೂ ಸಣ್ಣಗೆ, ಒಂದೇ ಸಮನೆ.

ಸಂಜೆ ಐದೂವರೆಗೆ ಹರಿಹರದಿಂದ ಬಸ್ಸು ಬರುತ್ತದೆ. ದಾವಣಗೆರೆಯ ಮಂಡಕ್ಕಿ ಭಟ್ಟಿಯಿಂದ ಬರುವ ಚೀಲ ಅದರಲ್ಲೇ ಇರುತ್ತದೆ. ಹಾಗಾಗಿ ಐದೂಕಾಲಿನಿಂದಲೇ ಅತ್ತೆ ಕೈಯಲ್ಲಿ ಚಾಕು ಹಿಡಿದು, ಕಣ್ಣಲ್ಲಿ ಈರುಳ್ಳಿ ನೀರು ಸುರಿಸುತ್ತ ರಸ್ತೆ ನೋಡುತ್ತಿರುತ್ತಾಳೆ. ನಾನು ಮೂರು ಸಂಜೆ ಕ್ಯಾಮೆರಾ ಇಟ್ಟೆ. ಅವಳ ಮುಖವನ್ನು ಗದ್ದದವರೆಗೆ ಮಾತ್ರ ಹಿಡಿದೆ, ಈರುಳ್ಳಿ ಕೆಳಗೆ ಉಳಿಯಿತು. ಮಂಜನಿಗೆ, "ಸ್ವಲ್ಪ ಆಚೆ ನಿಂತ್ಕ" ಅಂದೆ. ಅವನು ಬಾಣಲೆ ಸಮೇತ ಆಚೆ ನಿಂತ. ಬಸ್ಸು ಬಂದು ನಿಂತದ್ದನ್ನು ತೆಗೆದೆ, ಚೀಲ ಇಳಿಸುವ ಮುಂಚೆ ಕತ್ತರಿಸಿದೆ, ಧೂಳೆಬ್ಬಿಸಿ ಹೋದದ್ದನ್ನು ಜೋಡಿಸಿದೆ. ಕೊಳಲು ಹಾಕಿದೆ. ಒಂಬತ್ತು ನಿಮಿಷದ 'ಐದೂವರೆ ಬಸ್ಸು' ಸಿದ್ಧವಾಯಿತು. ಹೋದ ಮಗ ಇವತ್ತಾದರೂ ಬಂದಾನು ಎಂದು ದಿನಾ ಬಸ್ಸಿಗೆ ಕಾಯುವ ತಾಯಿ. ಮಾತೇ ಇಲ್ಲ. ಮಾತು ಇಟ್ಟಿದ್ದರೆ ಅದೆಲ್ಲ ಮಂಜನಿಗೆ ಬೈಗುಳ.

ಹಂಗೇರಿಯ ಒಂದು ಪುಟ್ಟ ಊರಿನ ಕಿರುಚಿತ್ರೋತ್ಸವಕ್ಕೆ ಕಳಿಸಿದೆ. ಅರ್ಜಿಯಲ್ಲಿ ಯಾವ ಬಗೆ ಎಂದು ಕೇಳಿದ್ದರು: ಕಥಾಚಿತ್ರವೋ, ಸಾಕ್ಷ್ಯಚಿತ್ರವೋ, ಅನಿಮೇಶನ್ನೋ, ಪ್ರಯೋಗವೋ. ಕಥಾಚಿತ್ರ ಎಂದರೆ ನಟಿ ಯಾರು, ಬರೆದವರು ಯಾರು ಎಂದೆಲ್ಲ ತುಂಬಬೇಕು. ಸಾಕ್ಷ್ಯಚಿತ್ರಕ್ಕೆ ಟಿಕ್ ಹಾಕಿದೆ.

ಆಯ್ಕೆಯಾಯಿತು. ಪತ್ರದಲ್ಲಿ ಒಂದು ಸಾಲು ಹೆಚ್ಚಿಗೆ ಇತ್ತು: ನಾವೆಲ್ಲ ನೋಡಿ ಅತ್ತೆವು, ದಯವಿಟ್ಟು ಆ ತಾಯಿಯನ್ನೂ ಕರೆತನ್ನಿ.

ಅತ್ತೆ ಚಿತ್ರ ನೋಡಿರಲಿಲ್ಲ. ಅದು 'ನಮ್ಮಂಗಡಿ ಸಿನಿಮಾ' ಎಂದೇ ಅವಳು ಊರಲ್ಲೆಲ್ಲ ಹೇಳಿಕೊಂಡಿದ್ದಳು. ತೋರಿಸು ಅಂದಾಗಲೆಲ್ಲ, "ಅದನ್ನ ದೊಡ್ಡ ಪರದೆ ಮ್ಯಾಲೇ ನೋಡ್ಬೇಕು ಅತ್ತೆ" ಎಂದು ಜಾರಿಕೊಂಡಿದ್ದೆ. ಈಗ ದೊಡ್ಡ ಪರದೆ ತಾನಾಗಿ ಕರೆಯುತ್ತಿತ್ತು. ತಪ್ಪಿಸಲು ನೋಡಿದೆ.

"ಅತ್ತೆ, ಅಲ್ಲಿ ಚಳಿ."

"ಕಂಬಳಿ ಐತೆ."

"ಊಟ ಸೇರಂಗಿಲ್ಲ."

"ಕಟ್ಕಂಡು ಬರ್ತೀನಿ."

"ಅವ್ರ ಮಾತು ನಿಂಗ ಬರಲ್ಲ."

"ನಿಂಗ ಇಂಗ್ಲೀಷು ಬರ್ತೈತಲ್ಲ. ನಾ ಅಂದಿದ್ದು ನೀನು ಹೇಳು, ಅವ್ರು ಅಂದಿದ್ದು ನಂಗ ಹೇಳು. ಅಷ್ಟೂ ಮಾಡಲ್ಲೇನ್ಲೇ ಅತ್ತೆಗೆ?"

ಪಾಸ್‌ಪೋರ್ಟಿನ ತನಿಖೆಗೆ ಬಂದ ಪೊಲೀಸರು ಮಿರ್ಚಿ ತಿಂದು, ಅಜ್ಜಿ ಒಳ್ಳೆಯವರು ಎಂದು ಬರೆದುಕೊಂಡು ಹೋದರು. ನನ್ನ ತನಿಖೆಗೆ ಎರಡು ಸಲ ಬಂದರು.

ಬುಡಾಪೆಸ್ಟ್ ವಿಮಾನ ನಿಲ್ದಾಣ

ವಿಮಾನದ ಪ್ರಯಾಣ ಅತ್ತೆಗೆ ಹಿಡಿಸಲಿಲ್ಲ. "ಕಿಟಕ್ಯಾಗ ಏನೂ ಹಾದು ಹೋಗವಲ್ದು, ಇದು ನಿಂತೈತೇನು?" ಎಂದು ಗಗನಸಖಿಯನ್ನು ಕನ್ನಡದಲ್ಲೇ ವಿಚಾರಿಸಿದಳು. ಆ ಹುಡುಗಿ ನೀರು ತಂದುಕೊಟ್ಟಳು.

ಸುಂಕದವರು ನಮ್ಮನ್ನು ನಿಲ್ಲಿಸಿದರು. ನನ್ನ ಕ್ಯಾಮೆರಾ ಪೆಟ್ಟಿಗೆಯನ್ನು ಎಲ್ಲರೂ ಗಮನಿಸಲಿ ಎಂದು ಮುಂದೆ ಹಿಡಿದಿದ್ದೆ, ಅದನ್ನು ಯಾರೂ ಮೂಸಲಿಲ್ಲ. ಅತ್ತೆಯ ಚೀಲ ತೆಗೆಸಿದರು. ಶೇಂಗಾ ಚಟ್ನಿಪುಡಿ, ಖಾರದಪುಡಿ, ಸಜ್ಜೆರೊಟ್ಟಿ, ಐದು ಸೇರು ಮಂಡಕ್ಕಿ ಹೊರಬಂದವು. ಕೊನೆಗೆ ಅಂಗಡಿಯ ಕಡ್ಲೆಹಿಟ್ಟಿನ ಡಬ್ಬಿಯೇ ಬಂತು. ಗಡ್ಡದ ಅಧಿಕಾರಿ ಮಂಡಕ್ಕಿ ಚೀಲವನ್ನು ಒತ್ತಿ ನೋಡಿದ. ಇಷ್ಟು ದೊಡ್ಡದು ಇಷ್ಟು ಹಗುರ ಹೇಗೆ ಎಂಬ ಅನುಮಾನ ಅವನ ಮುಖದಲ್ಲಿತ್ತು. ಅತ್ತೆ ಒಂದು ಹಿಡಿ ತೆಗೆದು ಬಾಯಿಗೆ ಹಾಕಿಕೊಂಡಳು, ಇನ್ನೊಂದು ಹಿಡಿ ಅವನ ಕಡೆ ಚಾಚಿದಳು. "ತಿನ್ರಿ, ಏನಾಗಲ್ಲ." ಅವನು ಒಂದು ಕಾಳು ತಿಂದು, ಯೋಚಿಸಿ, ಮತ್ತೆ ನಾಲ್ಕು ತಿಂದು, ನಮ್ಮನ್ನು ಬಿಟ್ಟ.

ಟಿಸಾ ನದಿಯ ಊರು

ಆ ಊರು ಟಿಸಾ ಎಂಬ ನದಿಯ ದಂಡೆಯ ಮೇಲಿದೆ. ಸೆಪ್ಟೆಂಬರ್ ತಿಂಗಳು. ಮನೆಗಳ ಗೋಡೆ ಮೇಲೆಲ್ಲ ಕೆಂಪು ಮೆಣಸಿನಕಾಯಿ ಸರ ಒಣಗಲು ತೂಗುಹಾಕಿದ್ದರು. ಅತ್ತೆ ಇಳಿದವಳೇ ಒಂದನ್ನು ಮುರಿದು ನಾಲಿಗೆಗೆ ಹಚ್ಚಿ, "ಬಣ್ಣ ಐತೆ, ಖಾರ ಇಲ್ಲ" ಅಂದಳು. ನದಿ ನೋಡಿ ಮಾತ್ರ ತಲೆದೂಗಿದಳು. ಹರಿಹರದಲ್ಲಿ ಸೇತುವೆ ಮೇಲಿಂದ ನೋಡಿದರೆ ತುಂಗಭದ್ರೆ ಮಳೆಗಾಲ ಮುಗಿದ ಮೇಲೆ ಹೀಗೇ ಮಣ್ಣು ಬಣ್ಣಕ್ಕೆ, ಅವಸರವಿಲ್ಲದೆ ಹೋಗುತ್ತಾಳೆ. ಅಲ್ಲಿ ಬಟ್ಟೆ ಒಗೆಯುತ್ತಾರೆ, ಇಲ್ಲಿ ಗಾಳ ಹಾಕಿಕೊಂಡು ಗಂಡಸರು ಸುಮ್ಮನೆ ಕೂತಿರುತ್ತಾರೆ.

ನಮಗೆ ಉಳಿಯಲು ಕೊಟ್ಟದ್ದು ಇಲೋನಾ ಎಂಬಾಕೆಯ ಮನೆ. ನಿವೃತ್ತ ಸ್ಕೂಲು ಮೇಡಂ, ಉತ್ಸವದ ಸ್ವಯಂಸೇವಕಿ, ಇಂಗ್ಲಿಷಿನಿಂದ ಹಂಗೇರಿಯನ್ನಿಗೆ ಅನುವಾದ ಮಾಡುವುದೂ ಆಕೆಯದೇ ಕೆಲಸ. ಅವರಲ್ಲಿ ಹಿರಿಯ ಹೆಂಗಸರ ಹೆಸರಿನ ಹಿಂದೆ 'ನೇನಿ', ಹಿರಿಯ ಗಂಡಸರಿಗೆ 'ಬಾಚಿ' ಎಂದು ಹಚ್ಚುತ್ತಾರೆ, ನಾವು ಅತ್ತೆ, ಮಾವ ಎನ್ನುವಂತೆ. ಅತ್ತೆ ಕ್ಷಣದಲ್ಲಿ ಹಾಲಮ್ಮ ನೇನಿ ಆದಳು. ನಾನು ಹೆಸರಿಗೆ ಏನೂ ಹತ್ತದೆ ಬರೀ ಚಂದ್ರು ಆಗಿ ಉಳಿದೆ. ಇನ್ನೊಂದು ವಿಚಿತ್ರ: ಎದುರಾದಾಗ 'ಸಿಯಾ' ಅನ್ನುತ್ತಾರೆ, ಹೋಗುವಾಗ 'ಹಲೋ' ಅನ್ನುತ್ತಾರೆ. ಮೊದಲ ದಿನ ಎಲ್ಲರೂ 'ಹಲೋ' ಅಂದ ಕೂಡಲೇ ನಾನು ನಿಂತು ಮಾತು ಶುರು ಮಾಡುತ್ತಿದ್ದೆ, ಅವರು ಬೆನ್ನು ತಿರುಗಿಸಿ ಹೋಗುತ್ತಿದ್ದರು.

ಊಟಕ್ಕೆ ಮೊದಲು ಹಣ್ಣಿನ ಸಾರು ಕೊಟ್ಟರು, ತಣ್ಣಗೆ, ಸಿಹಿ. ಆಮೇಲೆ ಗಸಗಸೆ, ಸಕ್ಕರೆ ಉದುರಿಸಿದ ಶಾವಿಗೆಯಂಥದ್ದು. ಅತ್ತೆ ತಿಂದು, "ಪಾಯಸದಿಂದ ಶುರು ಮಾಡ್ತಾರೆ, ಅನ್ನ ಯಾವಾಗ?" ಅಂದಳು. ಅನ್ನ ಬರಲಿಲ್ಲ. ಅದೇ ಊಟ.

ಸ್ವಾಗತ ಕೂಟದಲ್ಲಿ ಕಾರ್ಡುಗಳ ಕಟ್ಟು ಜೇಬಿನಲ್ಲಿಟ್ಟು ಬಾಗಿಲ ಹತ್ತಿರವೇ ನಿಂತೆ. ಜನ ಬಂದರು. ನನ್ನನ್ನು ದಾಟಿ ಅತ್ತೆಯ ಹತ್ತಿರ ಹೋದರು. ಆಯ್ಕೆ ಸಮಿತಿಯವರು, ಸ್ವಯಂಸೇವಕರು ಎಲ್ಲ ಮೊದಲೇ ಚಿತ್ರ ನೋಡಿದ್ದರು. ಒಬ್ಬಾಕೆ ಅತ್ತೆಯ ಎರಡೂ ಕೈ ಹಿಡಿದು ಏನೋ ಹೇಳಿ ಕಣ್ಣೊರೆಸಿಕೊಂಡಳು. ಇನ್ನೊಬ್ಬಳು ಅಪ್ಪಿಕೊಂಡಳು. ಕೋಟು ಹಾಕಿದ ಮುದುಕರೊಬ್ಬರು ತಲೆಬಾಗಿ ಕೈಗೆ ಮುತ್ತಿಟ್ಟರು. ಅತ್ತೆ ಕೈ ಹಿಂದೆಳೆದುಕೊಂಡು, ಸೆರಗಿಗೆ ಒರೆಸಿ, ನನ್ನನ್ನು ಮೂಲೆಗೆ ಕರೆದಳು.

"ಇವ್ರ ಮನ್ಯಾಗೆಲ್ಲ ಏನಾಗೈತಲೇ? ಯಾಕ ನನ್ನ ನೋಡಿ ಅಳ್ತಾರೆ?"

"ಇಲ್ಲಿ ಜನ ಹಂಗೇ ಅತ್ತೆ. ಮೆದು ಮನಸ್ಸು."

"ಪಾಪ," ಅಂದಳು ಅತ್ತೆ. ಆಮೇಲೆ ಬಂದ ಒಬ್ಬೊಬ್ಬರ ಬೆನ್ನನ್ನೂ ಸವರಿ, "ಎಲ್ಲಾ ಚೆನ್ನಾಗಾಗ್ತೈತೆ, ಹೆದರಬ್ಯಾಡ್ರಿ" ಎಂದು ಸಮಾಧಾನ ಮಾಡುತ್ತಾ ಬಂದಳು. ಅವರು ಮತ್ತಷ್ಟು ಅತ್ತರು.

ಹಳೆಯ ಚಿತ್ರಮಂದಿರ, ಎರಡನೆಯ ದಿನ

ಎರಡನೆಯ ದಿನ ಹಳೆಯ ಕಿರುಚಿತ್ರಗಳದು. ಸಿನಿಮಾ ಹುಟ್ಟಿದ ಕಾಲದಿಂದ ಇಲ್ಲಿಯವರೆಗೆ ಬೇರೆ ಬೇರೆ ಕಾಲದ, ಬೇರೆ ಬೇರೆ ನಮೂನೆಯ ಚಿತ್ರಗಳನ್ನು ಸಾಲಾಗಿ ತೋರಿಸುತ್ತಿದ್ದರು. ಅವನ್ನು ಜೋಪಾನ ಮಾಡಿದವರು ಕೈಗೆ ಮುತ್ತಿಟ್ಟಿದ್ದ ಅದೇ ಮುದುಕರು, ಇಶ್ತ್‌ವಾನ್ ಬಾಚಿ. ನಾನು ದೊಡ್ಡವರ ಪರಿಚಯ ಮಾಡಿಕೊಳ್ಳಲು ಹೊರಗೆ ಓಡಾಡಬೇಕೆಂದಿದ್ದೆ. ಅತ್ತೆ ಬಿಡಲಿಲ್ಲ.

ಮೊದಲನೆಯದು ಒಂದೇ ನಿಮಿಷದ ಮೂಕಿ ಚಿತ್ರ. ತೆಗೆದವರ ಹೆಸರೂ ಯಾರಿಗೂ ಗೊತ್ತಿಲ್ಲವಂತೆ. ಹೆಂಗಸರು ನದಿಯಿಂದ ಬಟ್ಟೆ ಬುಟ್ಟಿ ಹೊತ್ತು ಮೆಟ್ಟಿಲು ಹತ್ತಿ ಬರುತ್ತಾರೆ, ಅಷ್ಟೇ. ಒಬ್ಬಳು ಕ್ಯಾಮೆರಾ ಕಂಡು ನಗುತ್ತಾಳೆ. ಪರದೆಯ ಬದಿಯಲ್ಲಿ ಒಬ್ಬ ಪಿಯಾನೋ ನುಡಿಸುತ್ತಿದ್ದ. ಅತ್ತೆ ಮುಂದಕ್ಕೆ ಬಾಗಿ ಕೂತಿದ್ದಳು. "ಇವ್ರೆಲ್ಲ ಸತ್ತು ಎಷ್ಟು ಕಾಲ ಆತೋ. ಬುಟ್ಟಿ ಮಾತ್ರ ಇನ್ನೂ ಹೊತ್ಕಂಡು ಬರಾಕತ್ಯಾರೆ ನೋಡು" ಅಂದಳು.

ಆಮೇಲೆ ಏಣಿ ಹೊತ್ತ ಒಬ್ಬ ಇಡೀ ಬೀದಿಯನ್ನು ಬೀಳಿಸುವ ತಮಾಷೆ ಚಿತ್ರ. ಅತ್ತೆಯ ನಗು ಕೇಳಿ ಮುಂದಿನ ಸಾಲಿನವರು ತಿರುಗಿ ನೋಡಿ ಅವರೂ ನಗತೊಡಗಿದರು. ಯುದ್ಧಕಾಲದಲ್ಲಿ ಸರ್ಕಾರ ತೆಗೆಸಿದ್ದು ಒಂದು: ಎಲ್ಲರೂ ಆಲೂಗಡ್ಡೆ ಬೆಳೆಯಿರಿ ಎಂದು. "ನಮ್ಮ ಕೃಷಿ ಇಲಾಖೆಯವ್ರದ್ದು" ಎಂದು ಕೂಡಲೇ ಗುರುತಿಸಿದಳು. ಉಣ್ಣೆಯ ಗೊಂಬೆಗಳು ಕುಣಿಯುವ ಚಿತ್ರ ಎರಡು ಸಲ ಹಾಕಬೇಕಿತ್ತು ಅಂದಳು. ನಾಲ್ಕು ನಿಮಿಷದ ದೆವ್ವದ ಚಿತ್ರದಲ್ಲಿ ಇಲೋನಾ ಕಣ್ಣು ಮುಚ್ಚಿದಳು, ಅತ್ತೆ ಆಕಳಿಸಿದಳು. ಕೊನೆಗೆ ಬಂದದ್ದು ಪ್ರಯೋಗದ ಚಿತ್ರ: ಹನ್ನೆರಡು ನಿಮಿಷ ಬರೀ ಗೀರುಗಳು, ಚುಕ್ಕೆಗಳು, ನಡುನಡುವೆ ಕತ್ತಲೆ. ನಾನು ಗದ್ದಕ್ಕೆ ಕೈಯಿಟ್ಟು ಗಂಭೀರವಾಗಿ ನೋಡುತ್ತಿದ್ದೆ.

"ರೀಲು ಕೆಟ್ಟೈತೆ, ಆ ಮುದುಕಪ್ಪಗ ಹೇಳೋಗು" ಅಂದಳು ಅತ್ತೆ.

"ಅದು ಹಂಗೇ ಐತೆ. ಅದೇ ಕಲೆ."

"ನಿಂಗ ತಿಳೀತಾ?"

"ಹ್ಞೂಂ."

ಅತ್ತೆ ಪರದೆ ಬಿಟ್ಟು ನನ್ನ ಮುಖ ನೋಡಿದಳು.

ಅದೇ ಚಿತ್ರಮಂದಿರ, ಮೂರನೆಯ ದಿನ

ನಮ್ಮ ಚಿತ್ರದ ದಿನ ಅತ್ತೆ ಇಳಕಲ್ ಸೀರೆ ಉಟ್ಟಳು. ಮಂಜನಿಗೆ ಫೋನು ಮಾಡಿ, "ಇವತ್ತು ನಮ್ಮಂಗಡಿ ಬರ್ತೈತೆ, ನೀನೂ ಇರ್ತೀಯ" ಎಂದಳು. ನಾನು ಬಚ್ಚಲಲ್ಲಿ ಗಡ್ಡ ಬೋಳಿಸಿಕೊಳ್ಳುತ್ತಾ ಅದನ್ನು ಕೇಳಿಸಿಕೊಂಡೆ. ಆಗ ಹೇಳಬಹುದಿತ್ತು. ಹೇಳಲಿಲ್ಲ.

ಸಭಾಂಗಣ ತುಂಬಿತ್ತು. ಕೊಳಲು ಶುರುವಾಯಿತು. ಪರದೆಯ ತುಂಬ ಅತ್ತೆಯ ಮುಖ. ಪಕ್ಕದಲ್ಲಿ ಕೂತ ನಿಜವಾದ ಅತ್ತೆ ಮೊದಲು ಸಂಕೋಚದಿಂದ ನಕ್ಕಳು, ಸೆರಗು ಸರಿಮಾಡಿಕೊಂಡಳು. ಆಮೇಲೆ ಹುಡುಕತೊಡಗಿದಳು. ಪರದೆಯ ಎಡತುದಿ, ಬಲತುದಿ ನೋಡಿದಳು. ಬಸ್ಸು ಬಂತು, ಹೋಯಿತು. ಖಾಲಿ ರಸ್ತೆ. ಮತ್ತೆ ಮುಖ. ಕಣ್ಣೀರು ಒಂದೇ ಸಮನೆ ಇಳಿಯುತ್ತಿತ್ತು. ಕೆಳಗೆ ಬರಹ ಬಂತು: 'ಮಗ ಇವತ್ತೂ ಬರಲಿಲ್ಲ.' ಅತ್ತೆಗೆ ಇಂಗ್ಲಿಷ್ ಓದಲು ಬಾರದು. ಆದರೆ ಸುತ್ತಮುತ್ತ ಮೂಗು ಸೀಟುವ ಸದ್ದು ಓದಲು ಭಾಷೆ ಬೇಕಿರಲಿಲ್ಲ.

ದೀಪ ಹತ್ತಿತು. ಎಲ್ಲರೂ ಎದ್ದು ನಿಂತು ಚಪ್ಪಾಳೆ ಹೊಡೆದರು. ನಮ್ಮನ್ನು ವೇದಿಕೆಗೆ ಕರೆದರು. ಇಲೋನಾ ಮೈಕು ಹಿಡಿದು, ನಿಮ್ಮನ್ನು ನೀವು ಪರದೆಯಲ್ಲಿ ನೋಡಿ ಏನನ್ನಿಸಿತು ಎಂದು ಅತ್ತೆಯನ್ನು ಕೇಳಿದಳು. ನಾನು ಕನ್ನಡ ಮಾಡಿದೆ. ಅತ್ತೆ ಜನರ ಕಡೆ ನೋಡಲಿಲ್ಲ, ನನ್ನ ಕಡೆ ತಿರುಗಿ ಕೇಳಿದಳು:

"ಮಂಜ ಎಲ್ಲಿ?"

ಎರಡೇ ಮಾತು. ಇಡೀ ಸಭೆ ಕಾಯುತ್ತಿತ್ತು. ಇಪ್ಪತ್ತು ವರ್ಷದ ಕೈಚಳಕ ನನ್ನ ಬಾಯಿಗೆ ಬಂತು.

"ನನ್ನ ಮಗ ಎಲ್ಲಿ ಅಂತ ಕೇಳ್ತಿದ್ದಾರೆ," ಎಂದು ಇಂಗ್ಲಿಷಿನಲ್ಲಿ ಹೇಳಿದೆ. "ಇವರು ಇನ್ನೂ ಕಾಯ್ತಿದ್ದಾರೆ."

ಇಲೋನಾ ಅದನ್ನು ಹಂಗೇರಿಯನ್ನಿನಲ್ಲಿ ಹೇಳಿದಳು. ಸಭೆಯಲ್ಲಿ ಒಂದು ನಿಟ್ಟುಸಿರು ಎದ್ದಿತು. ಮೂರನೆಯ ಸಾಲಿನಲ್ಲಿ ನೀಲಿ ಸ್ವೆಟರಿನ ಹೆಂಗಸೊಬ್ಬಳು ಮುಖ ಮುಚ್ಚಿಕೊಂಡು ಬಿಕ್ಕಿದಳು. ಅತ್ತೆ ಅವಳನ್ನು ನೋಡಿದಳು, ನನ್ನನ್ನು ನೋಡಿದಳು, ವೇದಿಕೆ ಇಳಿದು ಹೊರಗೆ ನಡೆದಳು. ಅದಕ್ಕೂ ಚಪ್ಪಾಳೆ ಬಿತ್ತು.

ಟಿಸಾ ದಂಡೆ

ನದಿ ದಂಡೆಯ ಬೆಂಚಿನ ಮೇಲೆ ಕೂತಿದ್ದಳು. ಬಿಸಿಲು ಇನ್ನೂ ಇತ್ತು. ಪಕ್ಕದಲ್ಲಿ ಕೂರಲು ಹೋದೆ. "ನಿಂತ್ಕ" ಅಂದಳು. ನಿಂತೆ.

"ಆ ಹೆಣ್ಮಗಳು ಯಾಕ ಅತ್ಳು?"

ಹೇಳಿದೆ. ಬರಹದಲ್ಲಿ ಏನಿತ್ತು, ನಾನು ಮೈಕಿನಲ್ಲಿ ಏನಂದೆ, ಎಲ್ಲ. ಹೇಳುತ್ತಾ ಹೋದಂತೆ ಅದು ನಿಟ್ಟುವಳ್ಳಿಯಲ್ಲಿ ಕೂತು ಯೋಚಿಸಿದ್ದಕ್ಕಿಂತ ಬಹಳ ಕೆಟ್ಟದಾಗಿ ಕೇಳಿಸಿತು.

"ಅಷ್ಟು ಜನಕ್ಕ ನನ್ನ ಮಗ ಇಲ್ಲ ಅಂದ್ಯ."

"ಇಲ್ಲ ಅಂದಿಲ್ಲ ಅತ್ತೆ. ಬಂದಿಲ್ಲ ಅಂದೆ. ಕಥೆ ಅದು."

"ಕಥೆ ಅಂತ ಅವ್ರಿಗೆ ಹೇಳಿದ್ಯ?"

ಅರ್ಜಿಯಲ್ಲಿ ಹಾಕಿದ ಟಿಕ್ ಕಣ್ಣ ಮುಂದೆ ಬಂತು.

"ಮಂಜಗ ಮೂರು ವರ್ಷ ಇದ್ದಾಗ ಕಾಲುವ್ಯಾಗ ಬಿದ್ದಿದ್ದ. ನೆನಪೈತಾ?"

ನೆನಪಿತ್ತು. ನನಗಾಗ ಹನ್ನೊಂದು, ರಜಕ್ಕೆ ಭಾನುವಳ್ಳಿಗೆ ಬಂದಿದ್ದೆ. ದಂಡೆಯ ಮೇಲೆ ನಿಂತು ಕಿರುಚಲೂ ಆಗದೆ ನೋಡುತ್ತಿದ್ದೆ. ಈಜು ಬಾರದ ಅತ್ತೆ ಸೀರೆ ಸಮೇತ ಹಾರಿದ್ದಳು.

"ಕೂದಲು ಹಿಡ್ದು ಎಳಕಂಡು ಬಂದೆ. ಆಮ್ಯಾಲೆ ಹರಿಹರಕ್ಕ ಹೋಗಿ ಹರಿಹರೇಶ್ವರಗ ಕೈ ಮುಗಿದು ಬಂದೆ. ನೀನು ಕುಂತಲ್ಲೇ ಕುಂತು ಒಂದು ಕತ್ರಿ ಹಿಡ್ದು ಅವನ್ನ ವಾಪಸ್ ನೀರಿಗೆ ಬಿಟ್ಯಲ್ಲೋ."

ಅವಳು ಕೂಗಲಿಲ್ಲ. ಮಂಜನನ್ನು ಬೈಯುವಾಗ ಇರುವ ದನಿ ಅಲ್ಲ ಅದು. ಅಷ್ಟು ಹೊತ್ತಿನಲ್ಲಿ ಗಾಳ ಹಾಕಿದ್ದ ಒಬ್ಬನಿಗೆ ಮೀನು ಸಿಕ್ಕಿತು. ಅವನು ಅದನ್ನು ನಮಗೆ ತೋರಿಸಿ ನಕ್ಕು, ಮತ್ತೆ ನದಿಗೇ ಬಿಟ್ಟ. ಇಲ್ಲಿ ಹಾಗೆ ಮಾಡುವುದುಂಟು.

ಇಲೋನಾ ಮನೆ, ನಾಲ್ಕನೆಯ ದಿನ

ಬೆಳಿಗ್ಗೆ ಅತ್ತೆ ನನ್ನೊಡನೆ ಮಾತಾಡಲಿಲ್ಲ. ಇಲೋನಾ ಜೊತೆ ಸಂತೆಗೆ ಹೋದಳು. ಇಬ್ಬರಿಗೂ ತಿಳಿಯುವ ಒಂದು ಭಾಷೆಯೂ ಇಲ್ಲ, ಆದರೆ ಗೇಟಿನವರೆಗೂ ಮಾತಾಡುತ್ತಲೇ ಹೋದರು.

ನಾನು ಇಶ್ತ್‌ವಾನ್ ಬಾಚಿಯ ಹತ್ತಿರ ಹೋಗಿ ಎಲ್ಲ ಹೇಳಿಕೊಂಡೆ. ಬಯ್ಯುತ್ತಾರೆ ಅಂದುಕೊಂಡಿದ್ದೆ. ಅವರು ಕಾಫಿ ಕೊಟ್ಟು, "ಆ ಬಟ್ಟೆ ಒಗೆಯುವ ಹೆಂಗಸರನ್ನು ನೋಡಿದೆಯಲ್ಲ, ಅವರನ್ನು ಮೂರು ಸಲ ಮೆಟ್ಟಿಲು ಹತ್ತಿಸಿದ್ದಾರೆ. ಉಳಿದ ಎರಡು ಸುರುಳಿಯೂ ನನ್ನ ಹತ್ತಿರ ಇವೆ. ಮೂರನೆಯದರಲ್ಲಿ ಬುಟ್ಟಿ ಖಾಲಿ" ಅಂದರು. ನನಗೆ ಹೋದ ಜೀವ ಬಂದಂತಾಯಿತು. ಸಿನಿಮಾ ಹುಟ್ಟುವಾಗಲೇ ಸುಳ್ಳು ಹೇಳಿತ್ತು! ಈ ದೊಡ್ಡ ಆಧಾರ ಹಿಡಿದು ಓಡಿ ಬಂದೆ.

ಅಡುಗೆಮನೆಯಲ್ಲಿ ಎಣ್ಣೆ ಕಾದಿತ್ತು. ಸಂತೆಯಲ್ಲಿ ಉದ್ದನೆಯ ಹಳದಿ ಮೆಣಸಿನಕಾಯಿ ಸಿಕ್ಕಿತ್ತು, ಮಿರ್ಚಿಗೆ ಹೇಳಿ ಮಾಡಿಸಿದಂಥದ್ದು. ಅತ್ತೆ ಕಡ್ಲೆಹಿಟ್ಟು ಕಲಸುತ್ತಿದ್ದಳು, ಇಲೋನಾ ಮಕ್ಕಳ ಹಾಗೆ ಕೈಕಟ್ಟಿ ನಿಂತಿದ್ದಳು. ನಾನು ಬಟ್ಟೆ ಒಗೆಯುವವರ ಕಥೆ ಹೇಳಿದೆ. ಅತ್ತೆ ಒಂದು ಮಿರ್ಚಿ ಎಣ್ಣೆಗೆ ಬಿಟ್ಟು, ನನ್ನ ಕಡೆ ತಿರುಗದೆಯೇ ಅಂದಳು:

"ಕರದ್ರು, ಬಂದ್ರು. ಅವ್ರ ಮಕ್ಳು ಇಲ್ಲ ಅಂತ ಯಾರೂ ಹೇಳ್ಲಿಲ್ಲಲ್ಲ."

ಮಧ್ಯಾಹ್ನ ಮೂರು ಗಂಟೆ

ನಮ್ಮ ಚಿತ್ರದ ಎರಡನೆಯ ಪ್ರದರ್ಶನ ಆಗ ಇತ್ತು, ಅದಕ್ಕೆ ಅತ್ತೆ ಬರಲಾರಳು ಎಂದು ಒಬ್ಬನೇ ಹೋದೆ. ಬಹುಮಾನ ಕೊಡುವ ತೀರ್ಪುಗಾರರು ಬರುವುದು ಅದಕ್ಕೇ. ಚಿತ್ರ ಅರ್ಧ ಆಗಿತ್ತು, ಬಾಗಿಲು ತೆರೆಯಿತು, ಇಲೋನಾಳ ಹಿಂದೆ ಅತ್ತೆ ಬಂದಳು. ದಿನದ ಸೀರೆಯಲ್ಲೇ ಇದ್ದಳು, ಎಣ್ಣೆ ವಾಸನೆ ಹೊಡೆಯುತ್ತಿತ್ತು. ನೀಲಿ ಸ್ವೆಟರಿನಾಕೆ ಮತ್ತೆ ಬಂದಿದ್ದಳು, ಅದೇ ಸಾಲಿನಲ್ಲಿ.

ಚಪ್ಪಾಳೆ ಮುಗಿಯಿತು. ಇಲೋನಾ ಮೈಕು ಕೊಡುವ ಮೊದಲೇ ಅತ್ತೆ ಸೊಂಟದಿಂದ ಫೋನು ತೆಗೆದು, ಮಂಜನ ಫೋಟೋ ಒತ್ತಿ ವಿಡಿಯೋ ಕಾಲ್ ಹಚ್ಚಿದಳು. ನಮ್ಮಲ್ಲಾಗ ಸಂಜೆ ಆರೂವರೆ, ಮಿರ್ಚಿ ಅಂಗಡಿಗೆ ತುದಿ ಮೊದಲಿಲ್ಲದ ಗಿರಾಕಿ. ಮೂರನೆಯ ರಿಂಗಿಗೆ ಮಂಜ ಬಂದ. ಬನಿಯನ್ನು, ಹೆಗಲಿಗೆ ಟವೆಲ್ಲು, ಹಿಂದೆ ಬಾಣಲೆ.

"ಅವ್ವಾ! ಒಳ್ಳೆ ಟೈಮಿಗೆ ಮಾಡ್ದೆ. ಕಡ್ಲೆಹಿಟ್ಟಿನ ಡಬ್ಬಿ ಎಲ್ಲಿಟ್ಟೀ? ನೀ ಹೋದಾಗಿಂದ ಹುಡುಕಾಕತ್ತೀನಿ, ನಿನ್ನೆ ಕೇಳಾಕ ಮರ್ತೆ. ಅಕ್ಕಪಕ್ಕದವ್ರ ಹತ್ರ ಎಷ್ಟು ಕಡ ತರಾನ?"

"ನನ್ನ ಹತ್ರ ಐತೆ," ಅಂದಳು ಅತ್ತೆ.

"ಎಲ್ಲಿ, ಹಂಗೇರ್ಯಾಗ?"

ಅತ್ತೆ ಫೋನನ್ನು ಜನರ ಕಡೆ ತಿರುಗಿಸಿ ಹಿಡಿದಳು. ಅಷ್ಟು ಮುಖಗಳು ಕಂಡು ಮಂಜ ಬೆಚ್ಚಿ, ಟವೆಲ್ಲಿನಿಂದ ಎದೆ ಮುಚ್ಚಿಕೊಂಡು ಕೈಮುಗಿದ. ತೀರ್ಪುಗಾರರಲ್ಲಿ ಒಬ್ಬರು ಇಂಗ್ಲಿಷಿನಲ್ಲಿ ಕೇಳಿದರು: ಅವರು ಯಾರು?

ಅತ್ತೆ ನನ್ನನ್ನೇ ನೋಡುತ್ತಿದ್ದಳು. ಕನ್ನಡ, ಇಂಗ್ಲಿಷ್ ಎರಡೂ ಬಲ್ಲವನು ಆ ಊರಿನಲ್ಲೇ ನಾನೊಬ್ಬ. ಪಕ್ಕದ ಅಂಗಡಿಯವನು ಅನ್ನಬಹುದಿತ್ತು. ತಮ್ಮನ ಮಗ ಅನ್ನಬಹುದಿತ್ತು. ಸುಳ್ಳಲ್ಲ, ಆ ಎರಡೂ ನನ್ನ ನಾಲಿಗೆ ತುದಿಗೆ ಬಂದಿದ್ದವು.

"ಅವರ ಮಗ," ಎಂದೆ. "ಎಲ್ಲಿಗೂ ಹೋಗಿಲ್ಲ. ದಿನಾ ಪಕ್ಕದಲ್ಲೇ ಇರ್ತಾನೆ. ನಾನು ಅವನನ್ನ ಕತ್ತರಿಸಿ ತೆಗೆದೆ. ಅದು ಅಳು ಅಲ್ಲ, ಈರುಳ್ಳಿ. ಬಸ್ಸಿನಲ್ಲಿ ಬರೋದು ಮಂಡಕ್ಕಿ ಚೀಲ. ನಿನ್ನೆ ಅವರು ಹೇಳಿದ್ದನ್ನೂ ನಾನು ತಿರುಚಿದೆ."

ಇಲೋನಾ ನನ್ನನ್ನು ನೋಡಿದಳು. ಮೇಡಂ ಆಗಿದ್ದವಳು, ಒಂದು ಪದವನ್ನೂ ಬಿಡದೆ ಎಲ್ಲವನ್ನೂ ಹಂಗೇರಿಯನ್ನಿನಲ್ಲಿ ಹೇಳಿದಳು. ಅಲ್ಲೊಂದು ಇಲ್ಲೊಂದು ನಗು ಬಂತು, ಬಹಳ ಜನ ನಗಲಿಲ್ಲ. ನೀಲಿ ಸ್ವೆಟರಿನಾಕೆ ಎದ್ದು ನಿಂತಳು. ದನಿ ಗಟ್ಟಿಯಾಗಿತ್ತು. ನಿನ್ನೆ ಮನೆಗೆ ಹೋಗಿಯೂ ನಾನು ಅಳುತ್ತಲೇ ಇದ್ದೆ, ಹಾಗಾದರೆ ನನ್ನ ಅಳು ಏನಾಯಿತು, ಎಂದು ಕೇಳಿದಳು.

"ಏನಂತಾಳೆ?" ಅಂದಳು ಅತ್ತೆ. ನಾನು ಇದ್ದದ್ದು ಇದ್ದ ಹಾಗೆ ಹೇಳಿದೆ.

ಅತ್ತೆ ಮೈಕು ಇಸಿದುಕೊಂಡಳು. "ನೀನು ಅತ್ತಿದ್ದು ನಂಗಲ್ಲ ತಂಗಿ. ನಿಂಗ ಯಾರೋ ನೆನಪಾದ್ರು, ಅವ್ರಿಗೆ ಅತ್ತಿ. ಅದು ನಿಂದೇ. ಅದನ್ನ ಇವ್ನು ಮಾಡಿದ್ದಲ್ಲ, ಕೆಡಿಸಾಕೂ ಇವ್ನ ಕೈಲಿ ಆಗಲ್ಲ."

ಎರಡು ಭಾಷೆ ದಾಟಿ ಅದು ಆಕೆಯನ್ನು ಮುಟ್ಟುವುದಕ್ಕೆ ಸ್ವಲ್ಪ ಹೊತ್ತು ಹಿಡಿಯಿತು. ಆಕೆ ಕೂತಳು. ಆಮೇಲೆ ಮತ್ತೆ ಎದ್ದು ಬಂದು, ಅತ್ತೆಯ ಫೋನಿನಲ್ಲಿ ಇನ್ನೂ ಕೈಮುಗಿದುಕೊಂಡೇ ನಿಂತಿದ್ದ ಮಂಜನಿಗೆ, 'ಸಿಯಾ' ಅಂದಳು.

"ಅವ್ವಾ, ಎಣ್ಣೆ ಸೀದು ಹೊಕ್ಕೈತೆ, ಇಡ್ಲಾ?" ಅಂದ ಮಂಜ.

ಕೊನೆಯ ದಿನ

ಪತ್ರ ಬಹಳ ಸೌಜನ್ಯದಿಂದಿತ್ತು. ಸಾಕ್ಷ್ಯಚಿತ್ರ ವಿಭಾಗದಿಂದ 'ಐದೂವರೆ ಬಸ್ಸು' ತೆಗೆಯಲಾಗಿದೆ ಎಂದು ಬರೆದು, ಕೊನೆಗೆ ನನ್ನ ಪ್ರಾಮಾಣಿಕತೆಗೆ ಧನ್ಯವಾದ ಹೇಳಿದ್ದರು. ಮುದ್ರಿಸಿದ ಪಟ್ಟಿಯಲ್ಲಿ ನನ್ನ ಹೆಸರಿನ ಮೇಲೆ ಬಿಳಿ ಚೀಟಿ ಅಂಟಿಸಿದ್ದರು. ಬೆಳಕಿಗೆ ಹಿಡಿದರೆ ಅಡಿಯಲ್ಲಿ ಕಾಣುತ್ತಿತ್ತು, ಹಿಡಿದು ನೋಡಿದೆ. ಬಹುಮಾನ ಹೋದದ್ದು ಒಂದು ನಾಯಿ ದಿನವಿಡೀ ನಿದ್ದೆ ಮಾಡುವ ಆರು ನಿಮಿಷದ ಚಿತ್ರಕ್ಕೆ. ನಾಯಿ ನಿಜವಾಗಿ ನಿದ್ದೆ ಮಾಡಿತ್ತು. ಚಪ್ಪಾಳೆ ಹೊಡೆದೆ.

ಇಲೋನಾ ಬಸ್ಸಿನವರೆಗೆ ಬಂದಳು. ಅತ್ತೆ ಖಾಲಿಯಾದ ಕಡ್ಲೆಹಿಟ್ಟಿನ ಡಬ್ಬಿಯನ್ನು ಅವಳಿಗೇ ಕೊಟ್ಟಳು. ಇಲೋನಾ ಅತ್ತೆಯ ಎರಡೂ ಕೆನ್ನೆಗೆ ಮುತ್ತಿಟ್ಟು, ನನ್ನ ಕೈ ಕುಲುಕಿ, 'ಹಲೋ' ಅಂದಳು. ಈ ಸಲ ನಾನು ಮಾತು ಶುರು ಮಾಡಲಿಲ್ಲ.

ಬೆಂಗಳೂರಿನಿಂದ ರೈಲು

ವಿಮಾನದಲ್ಲೂ ಅತ್ತೆ ನನ್ನೊಡನೆ ಹೆಚ್ಚು ಮಾತಾಡಲಿಲ್ಲ. ಬೈಯಲೂ ಇಲ್ಲ, ಅದೇ ನನಗೆ ಭಯ. ಚಿತ್ರ ಏನು ಮಾಡಲಿ ಎಂದು ಕೇಳಿದೆ. "ಮಂಜನ್ನ ಹಾಕು. ಆಮ್ಯಾಲೆ ಬೇಕಾದ್ದು ಮಾಡು" ಅಂದಳು. ಮಂಜನನ್ನು ಹಾಕಿದರೆ ಅದು ಯಾರೂ ಯಾರಿಗೂ ಕಾಯದ, ಬರೀ ಮಿರ್ಚಿ ಕರಿಯುವ ಚಿತ್ರವಾಗುತ್ತದೆ ಎಂದು ಹೇಳಲು ಬಾಯಿ ತೆರೆದು, ಮುಚ್ಚಿಕೊಂಡೆ.

ಹುಬ್ಬಳ್ಳಿ ಕಡೆಯ ರೈಲು ಹತ್ತಿದೆವು. ಚಿಕ್ಕಜಾಜೂರು ದಾಟಿದ ಮೇಲೆ ಅತ್ತೆಯ ಮುಖಕ್ಕೆ ಬಣ್ಣ ಬಂತು. ಎದುರು ಸೀಟಿನಲ್ಲಿ ರಾಣೆಬೆನ್ನೂರಿಗೆ ಹೊರಟಿದ್ದ ಹಿರಿಯ ಹೆಂಗಸೊಬ್ಬರು ಕೂತಿದ್ದರು. ನಮ್ಮ ಪೆಟ್ಟಿಗೆಗಳ ಮೇಲಿನ ವಿಮಾನದ ಚೀಟಿ ನೋಡಿ, ಎಲ್ಲಿಂದ, ಏನು, ಎತ್ತ ಎಂದು ವಿಚಾರಿಸಿದರು. ಅತ್ತೆ ಖಾರವಿಲ್ಲದ ಮೆಣಸಿನಕಾಯಿ, ಅನ್ನವಿಲ್ಲದ ಊಟ, ಬುಟ್ಟಿ ಹೊತ್ತ ಹೆಂಗಸರು, ಕುಣಿಯುವ ಉಣ್ಣೆ ಗೊಂಬೆ, ಎಲ್ಲ ವಿವರಿಸಿದಳು. ನಾನು ಕಿಟಕಿ ಕಡೆ ಮುಖ ಮಾಡಿ ನಿದ್ದೆ ಬಂದವನಂತೆ ಕೂತಿದ್ದೆ.

"ಇವ್ರು ಯಾರ್ರೀ, ಮಗನಾ?" ಎಂದರು ಆಕೆ ನನ್ನನ್ನು ತೋರಿಸಿ.

"ಅಣ್ಣನ ಮಗ."

"ಏನ್ ಕೆಲಸ ಮಾಡ್ತಾರೆ?"

ರೈಲು ದಾವಣಗೆರೆಯ ಹೊರವಲಯಕ್ಕೆ ಬಂದಿತ್ತು, ಜನ ಪೆಟ್ಟಿಗೆ ಇಳಿಸತೊಡಗಿದ್ದರು.

"ಸಿನಿಮಾ ತೆಗೀತಾನ್ರಿ," ಅಂದಳು. "ಸುಳ್ಳು ಹೇಳ್ತಾನೆ. ಆದ್ರೆ ನಾಕು ಜನ್ರ ಮುಂದೆ ನಿಲ್ಸಿ ಕೇಳಿದ್ರೆ, ಒಪ್ಕಂತಾನೆ."